ಗಾಲಿಗಳ ಮೇಲಿನ ತವರು

ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ ಮೇಲೂ ಹೆತ್ತವರ ಮನೆ ಅವರಿಗೆ ಪರರ ಮನೆಯಾಗುವುದಿಲ್ಲ. ಬಂದವರು ಯಾರನ್ನೂ ಕೇಳದೆ ಅಡುಗೆ ಮನೆಗೆ ನುಗ್ಗುತ್ತಾರೆ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ, ತಮ್ಮ ಹಳೆಯ ಕೋಣೆಯಲ್ಲಿ ಚೀಲ ಇಟ್ಟು ಮಲಗಿಬಿಡುತ್ತಾರೆ. ಆದರೆ ಆ ಮನೆಯೇ ಇಲ್ಲವಾದರೆ? ಹೆತ್ತವರು ಅದನ್ನು ಮಾರಿ, ಗಾಲಿಗಳ ಮೇಲೆ ಓಡಾಡುವ ಪುಟ್ಟ ಮನೆಯೊಂದನ್ನು ಕೊಂಡು ಪರದೇಶದಲ್ಲಿ ಬದುಕತೊಡಗಿದರೆ ಮಗಳು ಎಲ್ಲಿಗೆ ಬರಬೇಕು?

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನಂತಹ ಚಳಿ ದೇಶಗಳ ಅನೇಕ ನಿವೃತ್ತ ದಂಪತಿಗಳು ಚಳಿಗಾಲವನ್ನು ಸ್ಪೇನ್ ಮತ್ತು ಪೋರ್ಚುಗಲ್‌ನ ಬೆಚ್ಚನೆಯ ಕರಾವಳಿಯಲ್ಲಿ ಕಳೆಯುತ್ತಾರೆ. ಸ್ಪೇನಿನ ಬೆನಿಡಾರ್ಮ್, ಪೋರ್ಚುಗಲ್‌ನ ಅಲ್ಗಾರ್ವ್ ಪ್ರದೇಶಗಳಲ್ಲಿ ಆ ದಿನಗಳಲ್ಲಿ ಮೋಟಾರ್‌ಹೋಮ್‌ಗಳ ಸಾಲೇ ಕಾಣಸಿಗುತ್ತದೆ. ಮೋಟಾರ್‌ಹೋಮ್ ಎಂದರೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವನ್ನೂ ಒಳಗೊಂಡ ವಾಹನ. ಕೆಲವರಿಗೆ ಅದು ಚಳಿಗಾಲದ ಬಿಡಾರ. ಊರಿನ ಮನೆಯನ್ನು ಮಾರಿ ಹೊರಟವರಿಗೆ ಅದೇ ಮನೆ. ನಮ್ಮ ಕರಾವಳಿಯಲ್ಲಿ ಮಕ್ಕಳು ಗಲ್ಫ್‌ನಿಂದ ರಜೆಯಲ್ಲಿ ಬರುತ್ತಾರೆ, ಹೆತ್ತವರು ಊರಿನಲ್ಲಿ ಕಾಯುತ್ತಾರೆ. ಅಲ್ಲಿ ಎಲ್ಲವೂ ತಿರುಗಿದೆ. ಊರಿನಲ್ಲಿರುವವರು ಮಕ್ಕಳು, ಪರದೇಶದಲ್ಲಿ ಕಾಯುವವರು ಹೆತ್ತವರು.

ಇಂತಹ ತಂದೆ-ತಾಯಿಯ ಬಳಿಗೆ ಮೂವತ್ತು ವರ್ಷದ ಮಗಳು ಹತ್ತು ದಿನಗಳ ಮಟ್ಟಿಗೆ ಬರುತ್ತಾಳೆ ಎಂದಿಟ್ಟುಕೊಳ್ಳೋಣ. "ಬಾ ಮಗಳೇ, ಹೇಗೋ ಆಗುತ್ತದೆ" ಎಂದು ತಾಯಿ ಫೋನಿನಲ್ಲಿ ಹೇಳಿಬಿಡುತ್ತಾಳೆ. ತಾಯಿಯ ಬಾಯಲ್ಲಿ ಬೇರೆ ಮಾತು ಬರುವುದಾದರೂ ಹೇಗೆ? ಆದರೆ ಆರೇಳು ಮೀಟರ್ ಉದ್ದದ ಮನೆಯಲ್ಲಿ ಯಾವುದೂ ಹೇಗೋ ಆಗುವುದಿಲ್ಲ. ಮೊದಲೇ ಮಾತನಾಡಿಕೊಂಡಿದ್ದರೆ ಮಾತ್ರ ಆಗುತ್ತದೆ.

ಮೊದಲನೆಯದು ಬರುವ ದಿನ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ನಂತರ, 2021ರ ಜನವರಿ 1ರಿಂದ, ಬ್ರಿಟಿಷ್ ಪಾಸ್‌ಪೋರ್ಟ್ ಉಳ್ಳವರು ಷೆಂಗೆನ್ ದೇಶಗಳಲ್ಲಿ ವೀಸಾ ಇಲ್ಲದೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿನ ವಾಸದ ಪರವಾನಿಗೆ ಪಡೆದವರ ವಿಷಯ ಬೇರೆ. ನವೆಂಬರ್ ಒಂದರಂದು ಸ್ಪೇನ್ ಸೇರಿದ ದಂಪತಿಯ ದಿನಗಳು ಜನವರಿ ಕೊನೆಯೊಳಗೆ ಮುಗಿದುಹೋಗುತ್ತವೆ. ಮಗಳಿಗೆ ಫೆಬ್ರವರಿಯಲ್ಲೇ ರಜೆ ಸಿಗುವುದಾದರೆ ಹೆತ್ತವರು ತಮ್ಮ ಪ್ರಯಾಣವನ್ನೇ ಮುಂದೂಡಬೇಕಾಗುತ್ತದೆ. ಆದ್ದರಿಂದ ಚಳಿಗಾಲದ ಲೆಕ್ಕ ಹಾಕುವಾಗಲೇ ಮಗಳ ರಜೆಯನ್ನೂ ಅದರಲ್ಲಿ ಸೇರಿಸಿಕೊಳ್ಳುವುದು ಜಾಣತನ.

ಎರಡನೆಯದು ಮಲಗುವ ಜಾಗ. ನಾಲ್ವರು ಮಲಗಬಹುದು ಎಂದು ಮಾರಾಟಗಾರರು ಹೇಳುವ ವಾಹನದಲ್ಲಿ ನಿಜವಾದ ಹಾಸಿಗೆ ಹೆಚ್ಚಾಗಿ ಒಂದೇ ಇರುತ್ತದೆ. ಇನ್ನೊಂದನ್ನು ರಾತ್ರಿ ಊಟದ ಮೇಜನ್ನು ಕೆಳಗಿಳಿಸಿ, ಅದರ ಮೇಲೆ ಸೀಟಿನ ಮೆತ್ತೆಗಳನ್ನು ಜೋಡಿಸಿ ಮಾಡಿಕೊಳ್ಳಬೇಕು. ಅಂದರೆ ಮಗಳು ಏಳುವವರೆಗೆ ತಂದೆಗೆ ಚಹಾ ಕುಡಿಯಲು ಮೇಜಿಲ್ಲ. ತಾಯಿ ಮಲಗುವವರೆಗೆ ಮಗಳಿಗೆ ಹಾಸಿಗೆಯಿಲ್ಲ. ನಡುರಾತ್ರಿ ಒಬ್ಬರು ಶೌಚಾಲಯಕ್ಕೆ ಎದ್ದರೆ ಮೂವರಿಗೂ ಎಚ್ಚರ. ಮಗಳು ಹತ್ತು ವರ್ಷದವಳಾಗಿದ್ದರೆ ಇದೆಲ್ಲ ಆಟವಾಗುತ್ತಿತ್ತು. ಮೂವತ್ತರ ಹೆಣ್ಣಿಗೆ ಬಟ್ಟೆ ಬದಲಿಸಲು, ಫೋನಿನಲ್ಲಿ ಮಾತನಾಡಲು, ಸುಮ್ಮನೆ ಒಬ್ಬಳೇ ಕೂರಲು ಮರೆ ಬೇಕು. ಹೆತ್ತವರಿಗೂ ಅದು ಬೇಕು.

ಮಲಗುವ ಜಾಗ ಇದ್ದ ಮಾತ್ರಕ್ಕೆ ಪ್ರಯಾಣಿಸುವ ಜಾಗ ಇದೆ ಎಂದೂ ಅಲ್ಲ. ನಾಲ್ಕು ಹಾಸಿಗೆಯ ಎಷ್ಟೋ ವಾಹನಗಳಲ್ಲಿ ಸೀಟ್ ಬೆಲ್ಟ್ ಇರುವುದು ಮುಂದಿನ ಎರಡು ಸೀಟುಗಳಿಗೆ ಮಾತ್ರ. ವಾಹನ ಓಡುವಾಗ ಮಗಳು ಹಿಂದಿನ ಹಾಸಿಗೆಯ ಮೇಲೆ ಕುಳಿತಿರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಜೊತೆಗೆ ತೂಕದ ಪ್ರಶ್ನೆಯಿದೆ. ಅನೇಕ ಮೋಟಾರ್‌ಹೋಮ್‌ಗಳ ಗರಿಷ್ಠ ತೂಕದ ಮಿತಿ 3,500 ಕಿಲೋ. ಅಡುಗೆ ಅನಿಲ, ಪಾತ್ರೆ, ಬಟ್ಟೆ, ಸೈಕಲ್ಲು ಎಲ್ಲ ಸೇರಿ ಆ ಮಿತಿಯ ಹತ್ತಿರಕ್ಕೆ ಬಂದಿರುತ್ತವೆ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದರ ಮೇಲೆ ಒಬ್ಬ ವಯಸ್ಕಳೂ ಅವಳ ದೊಡ್ಡ ಪೆಟ್ಟಿಗೆಯೂ ಸೇರಿದರೆ ವಾಹನ ಮಿತಿ ಮೀರುತ್ತದೆ. ಹಾಗಾಗಿ ಮಗಳು ಇರುವಷ್ಟು ದಿನ ವಾಹನವನ್ನು ಒಂದೇ ಕಡೆ ನಿಲ್ಲಿಸಿ, ಸುತ್ತಾಟಕ್ಕೆ ಬಸ್ಸು-ರೈಲು ಹಿಡಿಯುವುದು ಮೇಲು. ಅಲ್ಗಾರ್ವ್‌ನಲ್ಲಿ ಲಾಗೋಸ್‌ನಿಂದ ಸ್ಪೇನ್ ಗಡಿಯ ವಿಲಾ ರಿಯಲ್‌ವರೆಗೆ ಕರಾವಳಿಯುದ್ದಕ್ಕೂ ರೈಲಿದೆ. ಬೆನಿಡಾರ್ಮ್‌ನಿಂದ ಅಲಿಕಾಂತೆಗೆ ಟ್ರಾಮ್ ಇದೆ.

ನಿಲ್ಲಿಸುವ ಜಾಗಕ್ಕೂ ನಿಯಮಗಳಿವೆ. ಸ್ಪೇನ್‌ನಲ್ಲಿ ವಾಹನ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ರಸ್ತೆ ಬದಿಯಲ್ಲಿ ನಿಂತ ವಾಹನದ ಹೊರಗೆ ಕುರ್ಚಿ ಹಾಕಿದರೆ, ನೆರಳಿನ ಪರದೆ ಬಿಚ್ಚಿದರೆ ಅದು ಬಿಡಾರವಾಗುತ್ತದೆ, ದಂಡ ಬೀಳಬಹುದು. ಪೋರ್ಚುಗಲ್ 2021ರಲ್ಲಿ ತಂದ ಕಾನೂನಿನ ಪ್ರಕಾರ, ಗೊತ್ತುಪಡಿಸಿದ ತಾಣಗಳ ಹೊರಗೆ ಒಂದೇ ಪುರಸಭೆಯ ವ್ಯಾಪ್ತಿಯಲ್ಲಿ 48 ಗಂಟೆಗಿಂತ ಹೆಚ್ಚು ತಂಗುವಂತಿಲ್ಲ. ಸಂರಕ್ಷಿತ ಪ್ರದೇಶ ಮತ್ತು ಕಡಲ ತೀರದ ವಲಯಗಳಲ್ಲಂತೂ ಅಷ್ಟೂ ಇಲ್ಲ. ಮಗಳೊಂದಿಗೆ ಹೊರಗೆ ಕುಳಿತು ಊಟ ಮಾಡಬೇಕೆಂದರೆ ಬಾಡಿಗೆ ಕೊಟ್ಟು ಕ್ಯಾಂಪಿಂಗ್ ತಾಣದಲ್ಲೇ ನಿಲ್ಲಬೇಕು.

ಹಾಗೆ ನಿಲ್ಲುವುದರಿಂದ ಇನ್ನೊಂದು ಅನುಕೂಲವೂ ಇದೆ. ಮೋಟಾರ್‌ಹೋಮಿನ ಶೌಚದ ತೊಟ್ಟಿ ಹಿಡಿಯುವುದು ಸುಮಾರು 17ರಿಂದ 20 ಲೀಟರ್ ಮಾತ್ರ. ಇಬ್ಬರಿದ್ದರೆ ಎರಡು-ಮೂರು ದಿನಕ್ಕೊಮ್ಮೆ ಅದನ್ನು ಕೈಯಾರೆ ಒಯ್ದು ಖಾಲಿ ಮಾಡಬೇಕು, ಮೂವರಾದರೆ ಇನ್ನೂ ಬೇಗ. ಬಂದ ಮಗಳಿಗೆ "ನೀರು ಕಡಿಮೆ ಬಳಸು" ಎಂದು ಹೇಳಲು ಯಾವ ತಾಯಿಗೆ ತಾನೇ ಮನಸ್ಸಾಗುತ್ತದೆ? ಹೇಳದಿದ್ದರೆ ಮೂರನೆಯ ದಿನ ತಂದೆ ಗೊಣಗುತ್ತಾನೆ. ತಾಣದ ಸಾಮಾನ್ಯ ಸ್ನಾನಗೃಹಗಳನ್ನು ಬಳಸಿದರೆ ಈ ಕಿರಿಕಿರಿಯೇ ಇರುವುದಿಲ್ಲ.

ಇಂತಹ ಎಷ್ಟೋ ತಾಣಗಳಲ್ಲಿ ಬಾಡಿಗೆಗೆ ಸಣ್ಣ ಕಾಟೇಜುಗಳೂ ಸಿಗುತ್ತವೆ. ಮಗಳಿಗಾಗಿ ಅಂತಹದೊಂದನ್ನು ಗೊತ್ತು ಮಾಡುವುದು ಸುಲಭದ ಪರಿಹಾರ. ಆದರೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ. "ನನ್ನನ್ನು ಹೊರಗಿಟ್ಟರು" ಎಂದು ಮಗಳಿಗೆ ಅನಿಸಬಹುದು. "ನಮ್ಮ ಜೊತೆ ಇರಲು ಅವಳಿಗೆ ಇಷ್ಟವಿಲ್ಲ" ಎಂದು ತಾಯಿಗೆ ಅನಿಸಬಹುದು. ಇಬ್ಬರ ಮನಸ್ಸಿನಲ್ಲೂ ಇರುವುದು ಪ್ರೀತಿಯೇ. ಬಾಯಿ ಬಿಟ್ಟು ಹೇಳದ ಪ್ರೀತಿ ಮುನಿಸಿನಂತೆ ಕಾಣುತ್ತದೆ. ಟಿಕೆಟ್ ತೆಗೆಯುವ ಮೊದಲೇ, "ರಾತ್ರಿ ನಿನಗೆ ನೆಮ್ಮದಿಯ ನಿದ್ದೆ ಬರಲಿ ಎಂದು ಪಕ್ಕದಲ್ಲೇ ಕೋಣೆ ನೋಡಿದ್ದೇವೆ, ಬೆಳಗಿನ ಚಹಾದಿಂದ ರಾತ್ರಿಯ ಊಟದವರೆಗೆ ನಮ್ಮ ಜೊತೆಗೇ ಇರು" ಎಂದು ಹೇಳಿದರೆ ಸಾಕು. ಬಾಡಿಗೆಯನ್ನು ಯಾರು ಕೊಡುವುದೆಂಬುದೂ ಆಗಲೇ ತೀರ್ಮಾನವಾಗಲಿ. ದುಡಿಯುವ ಮಗಳು ಕೊಡುತ್ತೇನೆ ಎಂದರೆ ಅವಮಾನವೆಂದು ಭಾವಿಸಬೇಕಿಲ್ಲ. ಹೆತ್ತವರೇ ಕೊಡುತ್ತೇವೆ ಎಂದರೆ ಅವಳೂ ಹಟ ಹಿಡಿಯಬೇಕಿಲ್ಲ.

ಮಕ್ಕಳ ಕಡೆಯಿಂದಲೂ ಒಂದು ಮಾತಿದೆ. ಹುಟ್ಟಿ ಬೆಳೆದ ಮನೆಯನ್ನು ಹೆತ್ತವರು ಮಾರಿದಾಗ ಮಕ್ಕಳಿಗೆ ನೋವಾಗುವುದು ಸಹಜ. ಹಾಗೆಂದು ಹತ್ತು ದಿನಗಳ ಭೇಟಿಯಲ್ಲಿ ಆ ತೀರ್ಮಾನದ ವಿಚಾರಣೆ ನಡೆಸುವುದು ಸರಿಯಲ್ಲ. ಜೀವನವಿಡೀ ದುಡಿದವರು ಮುಪ್ಪಿನಲ್ಲಿ ಬಿಸಿಲು ಕಾಯಿಸಿಕೊಂಡರೆ ತಪ್ಪೇನು? ಬದಲಿಗೆ ಅವರ ಹೊಸ ಬದುಕನ್ನು ತಿಳಿದುಕೊಳ್ಳಲಿ. ತಂದೆಯ ರಕ್ತದೊತ್ತಡದ ಮಾತ್ರೆಗಳು ಎಲ್ಲಿವೆ, ಕಾಗದಪತ್ರಗಳು ಯಾವ ಪೆಟ್ಟಿಗೆಯಲ್ಲಿವೆ, ಅಪ್ಪನಿಗೆ ಆಗದಿದ್ದಾಗ ಅಮ್ಮ ಆ ವಾಹನ ಓಡಿಸಬಲ್ಲಳೇ, ಪಕ್ಕದ ವಾಹನದವರು ಯಾರು, ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಲಿ. ತುರ್ತಿಗೆ ಯುರೋಪಿನ ದೇಶಗಳಲ್ಲಿ 112 ಎಂಬ ಒಂದೇ ಸಂಖ್ಯೆ ಇದೆ. ದೂರದಲ್ಲಿ ನೆಲೆಸಿರುವ ಹೆತ್ತವರಿಗೆ ಉಡುಗೊರೆಗಿಂತ ಇಂತಹ ವಿಚಾರಣೆಯೇ ದೊಡ್ಡದು.

ಹೆತ್ತವರು ಮಾಡಬೇಕಾದ ಇನ್ನೊಂದು ಸಣ್ಣ ಕೆಲಸವಿದೆ. ಆ ಇಕ್ಕಟ್ಟಿನ ವಾಹನದಲ್ಲಿ ಒಂದು ಪುಟ್ಟ ಕಪಾಟನ್ನು ಖಾಲಿ ಮಾಡಿ ಮಗಳಿಗೆಂದೇ ಬಿಡಲಿ. ಒಂದು ಟವೆಲ್, ಒಂದು ಚಹಾದ ಲೋಟ, ಬಾಗಿಲ ಬಳಿ ಅವಳ ಕೋಟು ತೂಗುಹಾಕಲು ಒಂದು ಕೊಕ್ಕೆ. ಅವಳು ಮಲಗುವುದು ಪಕ್ಕದ ಕೋಣೆಯಲ್ಲಾದರೂ ಬೆಳಿಗ್ಗೆ ಕೇಳದೆಯೇ ಬಾಗಿಲು ತೆರೆದು ಬಂದು ತನ್ನ ಲೋಟ ತೆಗೆದುಕೊಳ್ಳುವಂತಿರಲಿ. ತವರು ಎಂದರೆ ಕೋಣೆಗಳ ಲೆಕ್ಕವಲ್ಲ. ಅಲ್ಲಿ ತನ್ನದೊಂದು ಜಾಗ ಇನ್ನೂ ಇದೆಯೆಂಬ ಭರವಸೆ ಸಿಕ್ಕರೆ ಮಗಳು ಮರುವರ್ಷವೂ ಬರುತ್ತಾಳೆ, ಆ ಮನೆ ಯಾವ ಊರಿನಲ್ಲಿ ನಿಂತಿದ್ದರೂ ಸರಿ.