ಡಿಕ್ರಿಗೆ ಮೊದಲು ನೋಂದಣಿ

ಬೆಂಗಳೂರಿನ ಹೊಸಹಳ್ಳಿ, ವಿಜಯನಗರದ ಕಡೆ ಒಂದು 30x40 ಸೈಟೆಂದರೆ ಮಧ್ಯಮ ವರ್ಗದ ಕುಟುಂಬವೊಂದರ ಜೀವಮಾನದ ಗಳಿಕೆ. ದಾಂಪತ್ಯ ಮುರಿದಾಗ ಅದರ ಹಂಚಿಕೆ ಮಾತ್ರ ಎಷ್ಟೋ ಸಲ ಹಿರಿಯರ ಮುಂದೆ, ಒಂದು ಛಾಪಾ ಕಾಗದದ ಮೇಲೆ ಮುಗಿದುಹೋಗುತ್ತದೆ. ಮೊದಲ ಮಹಡಿ ಆಕೆಗೆ, ಕೆಳಗಿನ ಬಾಡಿಗೆ ಆತನಿಗೆ, ವಿಚ್ಛೇದನವಾದ ಮೇಲೆ ಬರೆದುಕೊಡತಕ್ಕದ್ದು. ಇಬ್ಬರ ಸಹಿ, ಸಾಕ್ಷಿಗಳ ಸಹಿ, ನೋಟರಿ ಮುದ್ರೆ. ಚೆಕ್ಕುಬಂದಿ ಇಲ್ಲ, ಖಾತಾ ಸಂಖ್ಯೆ ಇಲ್ಲ. ಡಿಕ್ರಿ ಕೈಗೆ ಬಂದಮೇಲೆ ಬರೆದುಕೊಡಬೇಕಾದವರು ಫೋನ್ ಎತ್ತುವುದಿಲ್ಲ. ಇಂಥ ಕರಾರನ್ನು ಆಮೇಲೆ ಜಾರಿ ಮಾಡಿಸಲು ಒದ್ದಾಡುವ ಬದಲು, ಆಸ್ತಿ ಕೈಬದಲಾಗುವವರೆಗೆ ಡಿಕ್ರಿಯನ್ನೇ ಕೊಡಬಾರದು ಎಂಬುದು ನನ್ನ ವಾದ.

ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕು ಬದಲಿಸುವ ದಸ್ತಾವೇಜಿಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ನೋಟರಿ ಮುದ್ರೆ ನೋಂದಣಿಯಲ್ಲ. ಹಾಗಂತ ಆ ಕಾಗದ ಪೂರ್ತಿ ವ್ಯರ್ಥವೂ ಅಲ್ಲ. ಒಪ್ಪಿದಂತೆ ಬರೆಸಿಕೊಡಿ ಎಂದು ದಾವೆ ಹೂಡಬಹುದು, ಅದೂ ಮೂರು ವರ್ಷದೊಳಗೆ. ಛಾಪಾ ಶುಲ್ಕ ಕಡಿಮೆ ಬಿದ್ದಿದ್ದರೆ ಹತ್ತು ಪಟ್ಟು ದಂಡದ ಭಯ ಬೇರೆ. ಅದೇ ಷರತ್ತು ಕೌಟುಂಬಿಕ ನ್ಯಾಯಾಲಯದ ಡಿಕ್ರಿಯೊಳಗಿದ್ದರೆ ಹನ್ನೆರಡು ವರ್ಷದವರೆಗೆ ಅಮಲ್ಜಾರಿ ಅರ್ಜಿ ಹಾಕಬಹುದು. ಎದುರು ಪಕ್ಷ ಸಹಿ ಹಾಕದಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮದಂತೆ ಕೋರ್ಟೇ ಬರೆದುಕೊಡುತ್ತದೆ. ಅಲ್ಲೂ ಒಂದು ಕೊಕ್ಕೆಯಿದೆ: ರಾಜಿಯಲ್ಲಿ ಬಂದ ಆಸ್ತಿ ಮೊಕದ್ದಮೆಯ ವಸ್ತುವಲ್ಲದಿದ್ದರೆ ಡಿಕ್ರಿಗೂ ನೋಂದಣಿ ಬೇಕು. ಆದ್ದರಿಂದ ಮನೆಯ ಪೂರ್ತಿ ವಿವರ ಅರ್ಜಿಯ ಷೆಡ್ಯೂಲಿನಲ್ಲೇ ಇರಬೇಕು.

ಕುಟುಂಬದೊಳಗಿನ ಬಾಯಿಮಾತಿನ ಏರ್ಪಾಡೂ ಊರ್ಜಿತವೆಂದು ಸುಪ್ರೀಂ ಕೋರ್ಟೇ 1976ರಲ್ಲಿ, ಕಾಳೆ ಪ್ರಕರಣದಲ್ಲಿ ಹೇಳಿದೆಯಲ್ಲ ಎನ್ನುವವರಿದ್ದಾರೆ. ಹೇಳಿದೆ, ನಿಜ. ಆದರೆ ಆ ಮಾತು ಆಸ್ತಿಯಲ್ಲಿ ಮೊದಲೇ ಏನಾದರೂ ಹಕ್ಕೋ ಹಕ್ಕಿನ ತಕರಾರೋ ಇದ್ದವರಿಗೆ. ಗೋವಾದಲ್ಲಿರುವಂಥ ದಂಪತಿಗಳ ಸಮಾನ ಆಸ್ತಿಯ ಕಾನೂನು ನಮ್ಮಲ್ಲಿಲ್ಲ. ಗಂಡನ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿಗೆ ಹುಟ್ಟುಪಾಲಿಲ್ಲ. ವರ್ಷಗಟ್ಟಲೆ ಆ ಮನೆ ನಡೆಸಿದವಳ ದುಡಿಮೆಗೆ ಕಾಗದದಲ್ಲಿ ಲೆಕ್ಕವೇ ಇಲ್ಲದಿರುವಾಗ, ಬಾಯಿಮಾತನ್ನು ನಂಬಿ ಕೂರಲು ಆಕೆಗೆ ಹೇಳುವುದು ಅನ್ಯಾಯ.

ವಿಚ್ಛೇದನ ಇನ್ನಷ್ಟು ತಡವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಪರಸ್ಪರ ಒಪ್ಪಿಗೆಯ ಅರ್ಜಿಗೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮು ಹೇಗೂ ಆರು ತಿಂಗಳು ಕೊಡುತ್ತದೆ. ನೋಂದಣಿಗೆ ಅಷ್ಟು ಸಾಕು. ಆ ಅವಧಿಯನ್ನು ಮನ್ನಾ ಮಾಡಬಹುದೆಂದ 2017ರ ಅಮರ್‌ದೀಪ್ ಸಿಂಗ್ ತೀರ್ಪು ಕೂಡ, ಜೀವನಾಂಶ, ಮಕ್ಕಳು ಮುಂತಾದ ಎಲ್ಲವೂ ನಿಜವಾಗಿ ಇತ್ಯರ್ಥವಾಗಿರಬೇಕೆಂಬ ಷರತ್ತು ಹಾಕಿದೆ. ಜೀವನಾಂಶದ ಡಿ.ಡಿ.ಯನ್ನು ಕೋರ್ಟಿನಲ್ಲೇ ಕೈಗೆ ಕೊಡಿಸುವ ರೂಢಿಯಿದೆ. ಮನೆಯ ವಿಷಯದಲ್ಲಿ ಮಾತ್ರ ಬರೀ ಭರವಸೆ ಏಕೆ ಸಾಕು? ಖರ್ಚಿನ ದೃಷ್ಟಿಯಿಂದಲೂ ಮೊದಲೇ ಬರೆಯುವುದು ಮೇಲು. ಕುಟುಂಬದವರಿಗೆ ಕೊಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಛಾಪಾ ಶುಲ್ಕದ ರಿಯಾಯಿತಿಯಿದೆ. ಡಿಕ್ರಿಯಾದ ಮರುದಿನ ಆಕೆ ಹೆಂಡತಿಯಲ್ಲ, ರಿಯಾಯಿತಿಯೂ ಇಲ್ಲ.

ಗೃಹಸಾಲವಿದ್ದ ಮನೆಯದು ಮಾತ್ರ ನಿಜವಾದ ತೊಡಕು. ಗಂಡ ಹೆಂಡತಿ ಏನೇ ಬರೆದುಕೊಂಡರೂ ಬ್ಯಾಂಕು ಅದಕ್ಕೆ ಬದ್ಧವಲ್ಲ; ಜಂಟಿ ಸಾಲಗಾರರಾಗಿ ಇಬ್ಬರೂ ಉಳಿಯುತ್ತಾರೆ. ಅಂಥ ಕಡೆ ಕಂತು ಕಟ್ಟುವವರು ಯಾರು, ಸಾಲ ತೀರಿದ ಎಷ್ಟು ದಿನದೊಳಗೆ ಬರೆದುಕೊಡಬೇಕು, ಅಲ್ಲಿಯವರೆಗೆ ಮನೆ ಮಾರಕೂಡದು ಎಂಬುದನ್ನಾದರೂ ನ್ಯಾಯಾಧೀಶರು ಡಿಕ್ರಿಯಲ್ಲೇ ಬರೆಸಬೇಕು.