ಜಗಲಿಯನ್ನು ಮುಚ್ಚಬೇಡಿ

ಕಾಸರಗೋಡಿನ ಕನ್ನಡದ ಅಳಿವು ಉಳಿವುಗಳ ಕುರಿತು ಸಭೆ ಸೇರಿದಾಗಲೆಲ್ಲ ನಾವು ಮಾತು ತೊಡಗುವುದು 1956ರ ನವೆಂಬರ್ 1ರಿಂದ. ನಿಲ್ಲಿಸುವುದು ಮಹಾಜನ ಆಯೋಗದ ವರದಿಯಲ್ಲಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಆ ಆಯೋಗವು 1967ರಲ್ಲಿ ಹೇಳಿತು. ಹೇಳಿದ್ದು ಕಡತದಲ್ಲೇ ಉಳಿಯಿತು. ಆ ಹೋರಾಟವನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಈ ಸಂಚಿಕೆಯಲ್ಲಿ ನಾವು ಎತ್ತಬಯಸುವ ತಕರಾರು ತಿರುವನಂತಪುರದ ಮೇಲೂ ಅಲ್ಲ, ಬೆಂಗಳೂರಿನ ಮೇಲೂ ಅಲ್ಲ. ನಮ್ಮವರೇ ಸಾಲ ಮಾಡಿ ಕಟ್ಟಿಸುತ್ತಿರುವ, ಜಗಲಿಯಿಲ್ಲದ ಹೊಸ ಮನೆಗಳ ಮೇಲೆ.

ಭಾಷೆಗೂ ಜಗಲಿಗೂ ಎಲ್ಲಿಯ ಸಂಬಂಧವೆಂದು ನಗುವವರು, ತಮ್ಮ ಅಡುಗೆಕೋಣೆಯಲ್ಲಿ ಯಾವ ಭಾಷೆ ನಡೆಯುತ್ತಿದೆಯೆಂದು ಒಮ್ಮೆ ಕಿವಿಗೊಟ್ಟು ಕೇಳಲಿ. ಒಬ್ಬರ ಮನೆಯಲ್ಲಿ ತುಳು, ಇನ್ನೊಬ್ಬರಲ್ಲಿ ಕೊಂಕಣಿ, ಮತ್ತೊಬ್ಬರಲ್ಲಿ ಕರಾಡ ಮರಾಠಿ, ಬ್ಯಾರಿ, ಮಲಯಾಳ. ಹವ್ಯಕವು ಕನ್ನಡದ ಮಗಳೇ ಸರಿ. ಆದರೂ ಅದು ಹೊಸ್ತಿಲಿನ ಒಳಗಣ ಮಾತು. ಸಪ್ತಭಾಷೆಗಳ ನಾಡೆಂದು ವೇದಿಕೆಯಲ್ಲಿ ಹೆಮ್ಮೆಪಡುವ ನಾವು ಅದರ ತಾತ್ಪರ್ಯವನ್ನು ಮರೆತುಬಿಡುತ್ತೇವೆ. ಈ ಸೀಮೆಯ ಬಹುಪಾಲು ಮನೆಗಳಲ್ಲಿ ಪುಸ್ತಕದ ಕನ್ನಡವು ಒಲೆಯ ಬುಡದಲ್ಲಿ ಬೆಳೆದದ್ದಲ್ಲ, ಜಗಲಿಯಲ್ಲಿ ಬೆಳೆದದ್ದು. ತುಳುವಿನ ಮನೆಗೆ ಕೊಂಕಣಿಯ ನೆರೆಯವರು ಬಂದು ಕುಳಿತಾಗ ನಡುವೆ ಬಂದು ಕುಳಿತ ಭಾಷೆ ಕನ್ನಡ. ಕಾಗದ ಬಂದರೆ ಓದಿಸಿಕೊಂಡದ್ದು ಅಲ್ಲಿ, ಪತ್ರಿಕೆಯನ್ನು ಒಬ್ಬರು ಓದಿ ಹತ್ತು ಮಂದಿ ಕೇಳಿದ್ದು ಅಲ್ಲಿ.

ತಾಳಮದ್ದಳೆಯನ್ನು ನೆನೆಯಿರಿ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ವೇಷವಿಲ್ಲ, ರಂಗಸ್ಥಳವಿಲ್ಲ, ಒಂದು ಜಗಲಿ, ಒಂದು ದೀಪ, ಭಾಗವತರು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು. ಮನೆಯಲ್ಲಿ ತುಳುವನ್ನಷ್ಟೇ ಆಡುವ ಹುಡುಗನು ಕಂಬಕ್ಕೆ ಒರಗಿ ನಿದ್ದೆ ತೂಗುತ್ತಲೇ, ಕೃಷ್ಣನೂ ಕೌರವನೂ ವಾದಿಸುವುದನ್ನು ಕೇಳಿ, ಉದ್ದದ ವಾಕ್ಯವೊಂದನ್ನು ಮುರಿಯದೆ ಮುಗಿಸುವ ಬಗೆಯನ್ನು ಕಲಿಯುತ್ತಿದ್ದನು. ಶಾಲೆಯಲ್ಲಿ ನಾವು ವ್ಯಾಕರಣ ಕಲಿಸಿದೆವು, ನಿಜ. ಆದರೆ ಜಗಲಿಯಲ್ಲಿ ಕೇಳಿ ಬಂದ ಹುಡುಗ ಯಾರು, ಕೇಳದೆ ಬಂದವ ಯಾರು ಎಂಬುದು ಮೊದಲ ಪ್ರಬಂಧದಲ್ಲೇ ಗೊತ್ತಾಗುತ್ತಿತ್ತು.

ಈಗಿನ ಮನೆಯನ್ನು ನೋಡಿ. ಮುಂದೆ ಹತ್ತಡಿ ಅಗಲದ ಕಾರ್ ಪೋರ್ಚ್. ಅದರ ಪಕ್ಕದಲ್ಲಿ ನಾಲ್ಕಡಿಯ ಸಿಟೌಟ್ ಎಂಬುದೊಂದು. ಹೆಸರಿನಲ್ಲಿ ಮಾತ್ರ ಕುಳಿತುಕೊಳ್ಳುವುದು. ಎರಡು ಪ್ಲಾಸ್ಟಿಕ್ ಕುರ್ಚಿ, ಸ್ಟೀಲಿನ ಕೈಹಿಡಿ, ಮೇಲಿನಿಂದ ಕೆಳಗಿನವರೆಗೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಬಂದವರು ಬೆಲ್ಲು ಒತ್ತಿ ಬ್ಯಾಂಕಿನ ಕ್ಯಾಷಿಯರನ ಮುಂದೆ ನಿಂತಂತೆ ನಿಲ್ಲಬೇಕು. ಕಾರಿಗೆ ಮಾಡು ಇದೆ. ಮಳೆಯಲ್ಲಿ ನೆನೆದು ಬಂದ ಮನುಷ್ಯನಿಗೆ ಇಲ್ಲ. ಬೆಲ್ಲ ನೀರು ಕೊಡುವ ಸಂಪ್ರದಾಯವನ್ನು ಸರಳುಗಳ ನಡುವಿನಿಂದ ಪಾಲಿಸುವುದೆಂತು?

ಕಳ್ಳರ ಭಯವೆನ್ನುತ್ತಾರೆ. ಮನೆಯ ಬಾಗಿಲಿಗೆ ಬೀಗ ಹಾಕಲಿ. ಜಗಲಿಯಲ್ಲಿ ಕದಿಯುವಂಥದ್ದು ಏನಿದೆ? ಇರಚಲು ಹೊಡೆಯುತ್ತದೆ ಎನ್ನುತ್ತಾರೆ. ನಮ್ಮ ಹಿರಿಯರು ಆಟಿಯ ಮಳೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಸೋಣ ಕಳೆದ ಮೇಲೆ ಬಿಚ್ಚುತ್ತಿದ್ದರು. ನುಸಿಯ ಕಾಟವೊಂದನ್ನು ಮಾತ್ರ ನಾವು ಒಪ್ಪುತ್ತೇವೆ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಅದನ್ನು ಯುವಕರೊಬ್ಬರು ನಮ್ಮ ಮುಖಕ್ಕೇ ಹೇಳಿದರು. ನೀವು ಹೊಗಳುವ ಜಗಲಿಯ ಮೆಟ್ಟಿಲನ್ನು ನಮ್ಮ ಅಜ್ಜ ಹತ್ತುವಂತಿರಲಿಲ್ಲ ಎಂದರು. ಇದಕ್ಕೆ ಎದುರುತ್ತರವಿಲ್ಲ. ಕೆಲವರು ತಿಣ್ಣೆಯ ಮೇಲೆ, ಕೆಲವರು ನೆಲದ ಮೇಲೆ, ಕೆಲವರು ಅಂಗಳದ ಅಂಚಿನಲ್ಲಿ. ಹೆಂಗಸರು ಬಾಗಿಲ ಸಂದಿಯಲ್ಲಿ. ಆ ಲೆಕ್ಕಾಚಾರವನ್ನು ಮರಳಿ ತರಬೇಕೆಂದು ನಾವು ಬರೆಯುತ್ತಿಲ್ಲ. ಆದರೆ ಗ್ರಿಲ್ಲು ಆ ಅನ್ಯಾಯವನ್ನು ತೊಡೆಯಿತೆ? ಅಂದು ಕೆಲವರನ್ನು ಹೊರಗಿಟ್ಟ ಮೆಟ್ಟಿಲು ಹೋಯಿತು, ಇಂದು ಎಲ್ಲರನ್ನೂ ಹೊರಗಿಡುವ ಸರಳು ಬಂತು. ಆ ಯುವಕರ ಅಜ್ಜನಿಗೆ ಸಲ್ಲಬೇಕಾಗಿದ್ದ ಜಾಗವನ್ನು ಮೊಮ್ಮಗನಿಗೆ ಕೊಡಬೇಕಾದರೆ ಮೊದಲು ಜಾಗವೆಂಬುದು ಇರಬೇಕಲ್ಲ!

ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಜಗಲಿಯನ್ನು ರಿಪೇರಿ ಮಾಡಿಸಿದೆವು. ಅಲ್ಯೂಮಿನಿಯಮ್ಮಿನ ಚೌಕಟ್ಟಿಗೆ ಗಾಜು ಕೂರಿಸಿ ಒಂದು ಕೋಣೆ ಹೆಚ್ಚು ಮಾಡಿಕೊಡುತ್ತೇನೆಂದು ಗುತ್ತಿಗೆದಾರರು ಬಹಳ ಅಕ್ಕರೆಯಿಂದ ಹೇಳಿದರು. ಬೇಡವೆಂದೆವು. ಹಂಚು ಇಳಿಸಿದಾಗ ಮೂರು ಪಕ್ಕಾಸುಗಳನ್ನು ಗೆದ್ದಲು ತಿಂದಿತ್ತು. ಅವನ್ನು ಬದಲಿಸಿ ಅಡಿಕೆಮರದ ರೀಪು ಹೊಡೆಸಿದೆವು. ಹಳೆಯ ಹಂಚುಗಳನ್ನು ತೊಳೆಯುವ ಕೆಲಸ ಮೊಮ್ಮಕ್ಕಳಿಗೆ. ಪಾಚಿ ಉಜ್ಜಿದಂತೆ ಮಂಗಳೂರಿನ ಕಾರ್ಖಾನೆಗಳ ಹೆಸರು ಒಂದೊಂದಾಗಿ ಮೇಲೆದ್ದು ಬಂದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹಂಚು ಸುಡತೊಡಗಿದ ಕಥೆಯನ್ನು ಹೇಳಲು ನಮಗೂ ಒಂದು ನೆಪವಾಯಿತು. ಮುರಕಲ್ಲಿನ ತಿಣ್ಣೆಗೆ ಗಾರೆ ಬಳಿಸಿ, ನೆಲಕ್ಕೆ ಟೈಲ್ಸ್ ಹಾಕಿಸದೆ ಕಾವಿಯನ್ನೇ ಹಾಕಿಸಿದೆವು. ಕಾವಿಯ ಕೆಲಸ ಬಲ್ಲವರು ಈಗ ವಿರಳ. ಒಂದೇ ದಮ್ಮಿನಲ್ಲಿ ಇಡೀ ನೆಲವನ್ನು ಮುಗಿಸಬೇಕು, ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಆಮೇಲೆ ವಾರಕಾಲ ನೀರು ಆರಗೊಡಬಾರದು. ಒಣಗಿದ ಬಳಿಕ ತೆಂಗಿನೆಣ್ಣೆ ಹಾಕಿ ಬಟ್ಟೆಯಿಂದ ಉಜ್ಜಬೇಕು. ಉಜ್ಜಿದವರು ನಾವೇ. ಮೊಣಕಾಲು ನೊಂದದ್ದು ನಿಜ. ಎಂಟನೆಯ ದಿನ ಆ ನೆಲದಲ್ಲಿ ಕಂಬದ ನೆರಳು ಕಂಡಾಗ, ಬರಿಗಾಲಿಗೆ ಅದರ ತಂಪು ತಾಗಿದಾಗ ಆದ ಸಂತೋಷಕ್ಕೆ ಆ ನೋವು ಸಾಟಿಯಲ್ಲ.

ಈಗ ಸಂಜೆ ಐದರ ಬಳಿಕ ನಮ್ಮ ಮನೆಗೆ ಜನ ಬರುತ್ತಾರೆ. ಕರೆಯೋಲೆ ಕಳುಹಿಸಿಲ್ಲ, ಕಾರ್ಯಕ್ರಮವಿಲ್ಲ. ಬ್ಯಾರಿ ಮಾತಾಡುವ ನೆರೆಯವರು ಅಡಿಕೆಯ ಧಾರಣೆ ಹೇಳುತ್ತಾರೆ, ಮಲಯಾಳದಲ್ಲಿ ಓದುತ್ತಿರುವ ಪಕ್ಕದ ಮನೆಯ ಹುಡುಗಿ ಪತ್ರಿಕೆಯ ತಲೆಬರಹಗಳನ್ನು ಅಕ್ಷರ ಕೂಡಿಸಿ ಓದುತ್ತಾಳೆ, ತಪ್ಪಿದರೆ ನಾಲ್ಕು ಮಂದಿ ಒಟ್ಟಿಗೆ ತಿದ್ದುತ್ತಾರೆ. ಮಲಯಾಳ ಕಲಿಕೆಯ 2017ರ ಕಾನೂನನ್ನು ಕುರಿತು ನಾವು ಕಳುಹಿಸಿದ ಮನವಿಗಳ ಪ್ರತಿಗಳು ಒಳಗೆ ಕಪಾಟಿನಲ್ಲಿವೆ. ಆ ಹುಡುಗಿಗೆ ಅವು ಬೇಕಾಗಿಲ್ಲ; ಕುಳಿತು ಓದಲು ಒಂದಿಷ್ಟು ಜಾಗ ಬೇಕು, ಕೇಳಲು ಬಿಡುವಿರುವ ಕಿವಿಗಳು ಬೇಕು.

ಸಂಘಕ್ಕೆ ಭವನ ಬೇಡವೆಂದು ನಾವು ಹೇಳುತ್ತಿಲ್ಲ. ದೇಣಿಗೆಯ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ. ಆದರೆ ಭವನದ ಕೀಲಿಕೈ ಯಾರೋ ಒಬ್ಬರ ಬಳಿ ಇರುತ್ತದೆ, ಅವರು ಊರಲ್ಲಿಲ್ಲದ ದಿನ ಕನ್ನಡಕ್ಕೆ ರಜೆ. ಆದುದರಿಂದ ಬರುವ ಕುಂಭ, ಮೀನ ತಿಂಗಳುಗಳಲ್ಲಿ ಪಂಚಾಂಗ ಹಾಕಿಸಲಿರುವ ಸದಸ್ಯರಲ್ಲಿ ನಮ್ಮದೊಂದು ಒತ್ತಾಯ: ನಕ್ಷೆ ಬರೆಯುವವರು ಕಾರಿನ ಅಗಲವನ್ನು ಕೇಳುವ ಮೊದಲೇ ಏಳಡಿ ಅಗಲದ ಜಗಲಿಯೊಂದನ್ನು ಗುರುತು ಹಾಕಿಸಿ. ಒಂದೂವರೆ ಅಡಿ ಎತ್ತರದ ತಿಣ್ಣೆ ಸಾಕು, ಮುದುಕರಿಗೂ ಏಳಲು ಸುಲಭ. ಗ್ರಿಲ್ಲಿಗೆ ಈಗಾಗಲೇ ಮುಂಗಡ ಕೊಟ್ಟವರು ಅದನ್ನು ಹಿತ್ತಿಲ ಬಾಗಿಲಿಗೆ ಹಾಕಿಸಿಕೊಳ್ಳಲಿ.