ಅಂಗಡಿಯ ಬೆಳಕು, ಕಲೆಯ ಬೆಳಕು

ನಿಯಾನ್ ದೀಪವೆಂದೊಡನೆ ನಮಗೆ ನೆನಪಾಗುವುದು ಸಿನಿಮಾ ಮಂದಿರ, ಹೋಟೆಲು, ಬಟ್ಟೆ ಅಂಗಡಿಗಳ ಫಲಕಗಳು. ಅಂಥ ದೀಪವನ್ನು ಚಿತ್ರಶಾಲೆಯ ಗೋಡೆಗೆ ತೂಗುಹಾಕಿ ಇದು ಕಲೆ ಎಂದರೆ ನಗು ಬರುವುದು ಸಹಜ. ಗ್ರಂಥಾಲಯದ ಪುಸ್ತಕವೊಂದರಲ್ಲಿ ಅದರ ಚಿತ್ರವನ್ನು ತೋರಿಸಿದಾಗ ಮಿತ್ರನೊಬ್ಬನು, “ಇದಕ್ಕೆ ಕಲಾವಿದನೇಕೆ? ಎಲೆಕ್ಟ್ರಿಷಿಯನ್ ಸಾಲದೆ?” ಎಂದನು. ಮಾತು ತಮಾಷೆಯದಾದರೂ ತಳ್ಳಿಹಾಕುವಂಥದಲ್ಲ.

ನಿಯಾನ್ ಅನಿಲವನ್ನು 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದವರು ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಈ ಟ್ರಾವರ್ಸರೇ ಮುಂದೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಗಾಜಿನ ಕೊಳವೆಯಲ್ಲಿ ಈ ಅನಿಲವನ್ನು ತುಂಬಿ ವಿದ್ಯುತ್ತನ್ನು ಹಾಯಿಸಿದರೆ ಕೆಂಡದಂಥ ಕೆಂಪು ಹೊಮ್ಮುತ್ತದೆ. 1910ರಲ್ಲಿ ಜಾರ್ಜ್ ಕ್ಲೋಡ್ ಪ್ಯಾರಿಸಿನಲ್ಲಿ ಇದನ್ನು ಪ್ರದರ್ಶಿಸಿದರು. ಮುಂದೆ ವ್ಯಾಪಾರಿಗಳ ಕೈಯಲ್ಲಿ ಅದು ಗಿರಾಕಿಯನ್ನು ಕರೆಯುವ ಕೂಗಾಯಿತು.

ಆ ಕೂಗಿನ ಅರ್ಥವನ್ನು ಕಲಾವಿದರು ಬದಲಿಸಿದರು. 1963ರಲ್ಲಿ ಅಮೆರಿಕದ ಡಾನ್ ಫ್ಲೇವಿನ್ ಮಾರುಕಟ್ಟೆಯಲ್ಲಿ ಸಿಗುವ ಎಂಟಡಿಯ ಹಳದಿ ಟ್ಯೂಬ್‌ಲೈಟೊಂದನ್ನು ಗೋಡೆಗೆ ಓರೆಯಾಗಿ ಅಳವಡಿಸಿದರು. ಬಣ್ಣವು ಚೌಕಟ್ಟನ್ನು ದಾಟಿ ಗೋಡೆಗೂ ನೆಲಕ್ಕೂ ನೋಡುವವನ ಮೈಗೂ ಹರಡಿತು. ಅದೇ ದೇಶದ ಬ್ರೂಸ್ ನೌಮನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅದರ ಕಿಟಕಿಯಲ್ಲಿ ಬಿಯರಿನ ನಿಯಾನ್ ಫಲಕ ಉಳಿದಿತ್ತು. 1967ರಲ್ಲಿ ಅವರು, ನಿಜವಾದ ಕಲಾವಿದನು ಗೂಢ ಸತ್ಯಗಳನ್ನು ತೋರಿ ಲೋಕಕ್ಕೆ ನೆರವಾಗುತ್ತಾನೆಂಬ ಮಾತನ್ನು ಸುರುಳಿಯಾಕಾರದ ನಿಯಾನ್ ಬೆಳಕಿನಲ್ಲಿ ಬರೆಸಿ ಕಿಟಕಿಯಲ್ಲಿಟ್ಟರು. ಇದು ನಿಜವೋ, ಹಾಸ್ಯವೋ? ದಾರಿಹೋಕನು ನಿಂತು ಯೋಚಿಸಲೇಬೇಕು.

ಹಾಗೆಂದು ಹೊಳೆಯುವುದೆಲ್ಲ ಕಲೆಯೆಂದು ನಾನು ವಾದಿಸುವುದಿಲ್ಲ. ಇಂದು ಎಲ್‌ಇಡಿ ದೀಪಗಳು ನಿಯಾನಿನ ವೇಷ ತೊಟ್ಟು ಎಲ್ಲೆಲ್ಲೂ ಮಿನುಗುತ್ತಿವೆ. ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ನಮ್ಮ ರಸಾಸ್ವಾದ ಮುಗಿಯಿತು. ಕಣ್ಣನ್ನು ಕೋರೈಸುವುದು ಸುಲಭ, ತೆರೆಸುವುದು ಕಷ್ಟ. ಆದರೆ ಗಾಢ ವರ್ಣವೆಂದರೆ ಗ್ರಾಮ್ಯ, ಮಂದ ವರ್ಣವೇ ಸಭ್ಯ ಎಂಬ ವಿದ್ಯಾವಂತರಾದ ನಮ್ಮ ಬಿಗುಮಾನವೂ ಸರಿಯಲ್ಲ. ಊರ ಜಾತ್ರೆಯ ಬಣ್ಣಗಳನ್ನು ಕಂಡು ನಾಚುವ ನಾವು, ಅವೇ ಬಣ್ಣಗಳು ಪರದೇಶದ ಚಿತ್ರಶಾಲೆಯಲ್ಲಿದ್ದರೆ ತಲೆದೂಗುತ್ತೇವೆ. ಎರಡೂ ಕಡೆ ನಾವು ಬಣ್ಣವನ್ನು ನೋಡಲೇ ಇಲ್ಲ.

ಮಿತ್ರನಿಗೆ ನನ್ನ ಉತ್ತರವಿಷ್ಟೆ. ದೀಪ ಹೊತ್ತಿಸಲು ಎಲೆಕ್ಟ್ರಿಷಿಯನ್ ಸಾಕು. ಅಂಗಡಿಯ ದೀಪ ನಮ್ಮನ್ನು ಒಳಕ್ಕೆ ಕರೆದು ಜೇಬಿಗೆ ಕೈಹಾಕಿಸುತ್ತದೆ. ಕಲಾವಿದನ ದೀಪ ಅಲ್ಲೇ ನಿಲ್ಲಿಸಿ ಯೋಚನೆಗೆ ಹಚ್ಚುತ್ತದೆ. ಸ್ವಿಚ್ಚು ಆರಿಸಿದ ಮೇಲೆ ಮನಸ್ಸಿನಲ್ಲಿ ಏನಾದರೂ ಉಳಿಯಿತೇ ಎಂದು ನಾವೇ ಕೇಳಿಕೊಳ್ಳೋಣ. ಉಳಿದಿದ್ದರೆ ಅದನ್ನು ಕಲೆಯೆನ್ನಲು ಸಂಕೋಚ ಬೇಡ.